ತಮ್ಮನ ಫೋನಿನ ತಾರೀಖು

ಬಸ್ಸುಗಳೆಂದರೆ ನನಗೆ ಸಾಕಾಗಿ ಹೋಗಿದೆ. ಸಾಲಹಳ್ಳಿಯಲ್ಲಿ ಹತ್ತಿ ಯರಗಟ್ಟಿಯಲ್ಲಿ ಇಳಿಯಬೇಕು. ಅಲ್ಲಿಂದ ಇನ್ನೊಂದು ಬಸ್ಸು, ಮುರಗೋಡ ದಾಟಿ ಬೈಲಹೊಂಗಲ. ಅಲ್ಲಿ ಮತ್ತೆ ಇಳಿದು ಕಿತ್ತೂರಿನ ಬಸ್ಸಿಗೆ ಕಾಯಬೇಕು. ಆ ದಿನ ನನ್ನ ಒಂದು ಕೈಯಲ್ಲಿ ರೊಟ್ಟಿಯ ಗಂಟು, ಇನ್ನೊಂದು ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ, ಬಗಲಲ್ಲಿ ಹೊಸ ಸ್ಟೀಲಿನ ಬೋಗುಣಿ. ಕುಳಿತರೆ ಬೋಗುಣಿ ಪಕ್ಕದವಳ ಪಕ್ಕೆಗೆ ಚುಚ್ಚುತ್ತಿತ್ತು, ನಿಂತರೆ ಹೋಳಿಗೆ ಮುರಿಯುತ್ತಿತ್ತು. ಏಪ್ರಿಲ್ ತಿಂಗಳ ಬಿಸಿಲು ಬೇರೆ. ನಾನು ಹೊರಟಿದ್ದು ತಮ್ಮನ ಹೊಸ ಮನೆಯ ಗೃಹಪ್ರವೇಶಕ್ಕೆ.

ಸಾಲಹಳ್ಳಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಮನೆಯವರು ಇದ್ದಾಗ ಅವರು ನಡೆಸುತ್ತಿದ್ದರು, ಅವರು ತೀರಿಕೊಂಡ ಮೇಲೆ ನಾನು ನಡೆಸುತ್ತೇನೆ. ದಿನವಿಡೀ ಯಂತ್ರದ ಪಟ್ಟಾದ ಸದ್ದಿನ ಮೇಲೆ ಕೂಗಿ ಕೂಗಿ ನನ್ನ ದನಿ ಜೋರಾಗಿದೆ. ನಾನು ಮಾತಾಡಿದರೆ ಜಗಳವಾಡಿದಂತೆ ಕೇಳುತ್ತದೆ ಎಂದು ಜನ ಹೇಳುತ್ತಾರೆ. ಎಷ್ಟೋ ಸಲ ಅದು ಜಗಳವೇ ಆಗಿರುತ್ತದೆ.

ತಮ್ಮ ಇದಕ್ಕೆ ಪೂರ್ತಿ ಉಲ್ಟಾ. ಬೈಲಹೊಂಗಲದಲ್ಲಿ ಬಾಡಿಗೆ ಮನೆಯಲ್ಲಿದ್ದುಕೊಂಡು ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ನಡೆಸುತ್ತಾನೆ. ಅಂಗಡಿಗೆ ಬಂದವರ ಹತ್ತಿರವೂ ಅವನ ಮಾತು ಕಡಿಮೆ, ಬೇಕಾದ ಬಲ್ಬು ತೆಗೆದು ಹಚ್ಚಿ ತೋರಿಸಿ ಸುಮ್ಮನೆ ನಿಲ್ಲುತ್ತಾನೆ. ಚಿಕ್ಕವನಿದ್ದಾಗ ಹಸಿವಾದರೂ ಕೇಳುತ್ತಿರಲಿಲ್ಲ, ಒಲೆಯ ಮುಂದೆ ಬಂದು ಕುಳಿತುಬಿಡುತ್ತಿದ್ದ. ಅವನ ಪರವಾಗಿ ನಾನೇ ಅವ್ವನಿಗೆ ಹೇಳಬೇಕಿತ್ತು.

ಕೆಲವು ವರ್ಷಗಳ ಹಿಂದೆ ಅವನ ಮಗಳ ಮದುವೆಯಾಯಿತು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಗಳನ್ನು ಕೂಡಿಸಿ ನೀರೆರೆಯುವ ಸುರಗಿಯ ಹೊತ್ತು. ಸೋದರತ್ತೆ ನಾನಲ್ಲದೆ ಇನ್ಯಾರು ಎಂದು ಎಣ್ಣೆ ಬಟ್ಟಲು ಹಿಡಿದು ಮುಂದೆ ಹೋದೆ. ನಮ್ಮ ಚಿಗವ್ವ, ಅಂದರೆ ಚಿಕ್ಕಪ್ಪನ ಹೆಂಡತಿ, ನನ್ನ ರಟ್ಟೆ ಹಿಡಿದಳು.

"ನೀ ಒಂಚೂರ ಆಕಡೆ ನಿಂದ್ರವಾ. ಮುತ್ತೈದೇರ ಬರ್ಲಿ."

ಮೆಲ್ಲಗೆ, ಪ್ರೀತಿಯಿಂದಲೇ ಹೇಳಿದಳು. ಆದರೆ ಎಲ್ಲರಿಗೂ ಕೇಳಿಸಿತು. ತಮ್ಮ ಅಲ್ಲೇ ಎದುರಿಗೆ ನಿಂತಿದ್ದ. ನನ್ನನ್ನು ನೋಡಿದ, ಆಮೇಲೆ ನೆಲ ನೋಡಿದ. ನಾನು ಬಟ್ಟಲು ಯಾರದೋ ಕೈಗೆ ಕೊಟ್ಟು, ಉಂಡು, ಬಸ್ಸು ಹಿಡಿದು ಊರಿಗೆ ಬಂದೆ. ಆಮೇಲೆ ನಾನೂ ಹೋಗಲಿಲ್ಲ, ಅವನೂ ಬರಲಿಲ್ಲ. ಅಪ್ಪ-ಅವ್ವ ಇಲ್ಲದ ಮೇಲೆ ತಮ್ಮನ ಮನೆಯೇ ತವರು. ಅದೂ ಹೋಯಿತು ಎಂದುಕೊಂಡು ಗಿರಣಿ ನಡೆಸುತ್ತಿದ್ದೆ.

ಈ ವರ್ಷ ಹೋಳಿ ಹುಣ್ಣಿಮೆ ಕಳೆದ ಮೇಲೆ ಒಂದು ಸಂಜೆ ಫೋನು ಟಿಂಗ್ ಅಂದಿತು. ಬಂದದ್ದು ತಮ್ಮನ ಮೆಸೇಜು. ಅವನು ಕೈಯಿಂದ ಬರೆದದ್ದೂ ಅಲ್ಲ, ಫೋನಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದನ್ನು ಅಲ್ಲಿಂದಲೇ ನನ್ನ ಕಡೆ ತಳ್ಳಿದ್ದ. "ಗೃಹಪ್ರವೇಶ, ಕಿತ್ತೂರು, 5/4" ಎಂದಿತ್ತು. ಕೆಳಗೆ ಜಾಗದ ನಕ್ಷೆ. ಅಕ್ಕಾ ಎಂದಿರಲಿಲ್ಲ, ಬಾ ಎಂದಿರಲಿಲ್ಲ.

ನಮ್ಮ ಕಡೆ ಕಾರ್ಯಕ್ಕೆ ಕರೆಯುವುದೆಂದರೆ ಗಂಡ-ಹೆಂಡತಿ ಕೂಡಿ ಮನೆಗೆ ಬರಬೇಕು, ಮನೆಯವಳ ಹಣೆಗೆ ಕುಂಕುಮ ಹಚ್ಚಬೇಕು, ಅಕ್ಕಿಕಾಳು ಕೊಟ್ಟು ಬಾಯಿತುಂಬ "ಬರ್ರಿ" ಅನ್ನಬೇಕು. ಹಾಗೆ ಕರೆಯದಿದ್ದರೆ ಎದುರುಮನೆಯವರೂ ಬರುವುದಿಲ್ಲ. ಆದರೆ ಗಂಡ ಇಲ್ಲದವಳ ಹಣೆಗೆ ಏನು ಹಚ್ಚುತ್ತಾರೆ? ಅದನ್ನು ನಾನೇ ಯೋಚಿಸಿ, ನಾನೇ ಅವನಿಗೆ ಮಾಫಿ ಕೊಟ್ಟೆ. ಎಷ್ಟಂದರೂ ಇಷ್ಟು ವರ್ಷದ ಮೇಲೆ ಬಂದ ಮೊದಲ ಕರೆ.

ಐದು-ನಾಲ್ಕು ಎಂದರೆ ಏಪ್ರಿಲ್ ಐದು. ಗಿರಣಿಯ ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿದೆ, ಶನಿವಾರ. ಅಂಗಡಿಕಾರ ಮನುಷ್ಯ ರವಿವಾರ ಬಿಟ್ಟು ಶನಿವಾರ ಯಾಕೆ ಇಟ್ಟ ಅನ್ನಿಸಿತು. ಫೋನು ಮಾಡಿ ಕೇಳಬಹುದಿತ್ತು. ಕರೆದವನೇ ಬಾಯಿ ಬಿಡದಿರುವಾಗ ನಾನ್ಯಾಕೆ ಬಿಡಲಿ? ಕೈಮುಗಿದ ಚಿತ್ರ ಒಂದನ್ನು ಕಳಿಸಿ ಸುಮ್ಮನಾದೆ.

ನಮ್ಮ ಮನೆತನದಲ್ಲಿ ಹೊಸ ಮನೆಯ ಒಲೆಯ ಮೇಲೆ ಹಾಲು ಉಕ್ಕಿಸುವವಳು ಆ ಮನೆಯ ಹೆಣ್ಣುಮಗಳು, ಅಂದರೆ ಯಜಮಾನನ ಅಕ್ಕ ಅಥವಾ ತಂಗಿ. ಅಪ್ಪ ಕಟ್ಟಿದ ಮನೆಯಲ್ಲಿ ಅಪ್ಪನ ಅಕ್ಕ ಉಕ್ಕಿಸಿದ್ದಳು. ನನ್ನ ತಮ್ಮನಿಗೆ ಇರುವವಳು ನಾನೊಬ್ಬಳೇ ಅಕ್ಕ. ಆದರೆ ಸುರಗಿಗೆ ಬೇಡವಾದವಳು ಹಾಲಿಗೆ ಬೇಕಾಗುತ್ತಾಳೆಯೇ, ಅಷ್ಟು ತಿಳಿಯದವಳಲ್ಲ ನಾನು. ಆದರೂ ಸವದತ್ತಿಗೆ ಹೋದಾಗ ಪಾತ್ರೆ ಅಂಗಡಿಯ ಮುಂದೆ ಕಾಲು ನಿಂತವು. ಬೋಗುಣಿ ತೆಗೆದುಕೊಂಡೆ. ಅದನ್ನು ತಮ್ಮನ ಹೆಂಡತಿಯ ಕೈಗೆ ಕೊಟ್ಟು, ಒಂದು ಮೂಲೆಯಲ್ಲಿ ಉಂಡು, ಮಧ್ಯಾಹ್ನದ ಬಸ್ಸಿಗೆ ತಿರುಗಿ ಬರುವುದು ಎಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡೆ. ತವರು ಎಂದು ಹೇಳಿಕೊಳ್ಳಲು ನನಗೊಂದು ಹೊಸ್ತಿಲು ಉಳಿದಿದೆಯೋ ಇಲ್ಲವೋ, ಅದೊಂದು ತಿಳಿದರೆ ಸಾಕಿತ್ತು.

ಕಿತ್ತೂರಿನಲ್ಲಿ ಇಳಿದು ಆಟೋದವನಿಗೆ ನಕ್ಷೆ ತೋರಿಸಿದೆ. ಊರ ಹೊರಗೆ ಹೊಸ ಪ್ಲಾಟುಗಳ ನಡುವೆ ಒಂದು ಮನೆಯ ಮುಂದೆ ನಿಲ್ಲಿಸಿದ. ಪೆಂಡಾಲಿಲ್ಲ, ತೋರಣವಿಲ್ಲ, ಒಂದು ಚಪ್ಪಲಿ ಜೊತೆಯೂ ಇಲ್ಲ. ಉಸುಕಿನ ಗುಡ್ಡೆ, ಇಟ್ಟಿಗೆ, ಸಿಮೆಂಟಿನ ಗಿಲಾಯಿ ಕಾಣದ ಬರೀ ಗೋಡೆ. ಬಾಗಿಲಿನ ಚೌಕಟ್ಟು ಮಾತ್ರ ನಿಂತಿತ್ತು, ಅದಕ್ಕೆ ಹಚ್ಚಿದ ಅರಿಶಿನ-ಕುಂಕುಮ ಒಣಗಿತ್ತು. ಒಬ್ಬ ಗೌಂಡಿ ಕಿಟಕಿಯ ಹತ್ತಿರ ಕೆಲಸ ಮಾಡುತ್ತಿದ್ದ, ಅವನ ಹೆಂಡತಿ ಪೈಪು ಹಿಡಿದು ಗೋಡೆಗೆ ನೀರು ಹೊಡೆಯುತ್ತಿದ್ದಳು.

"ಯಾರ ಬೇಕ್ರೀ ಅಕ್ಕಾರ?" ಎಂದಳು ಅವಳು.

"ಇವತ್ತ ಇಲ್ಲಿ ಗೃಹಪ್ರವೇಶ ಇತ್ತಲ್ಲ."

ಅವಳು ಗಂಡನ ಮುಖ ನೋಡಿದಳು. ಗೌಂಡಿ ಸಿಮೆಂಟು ಬಳಿಯುವ ಥಾಪಿ ಕೆಳಗಿಟ್ಟು, "ಎಲ್ಲೀದ್ರೀ, ಇನ್ನ ಕಿಡಕಿ ಕುಂತಿಲ್ಲ, ನೆಲಕ್ಕ ಫರ್ಸಿ ಬಿದ್ದಿಲ್ಲ. ಗೃಹಪ್ರವೇಶಕ್ಕ ಇನ್ನ ತಿಂಗಳ ಐತ್ರಿ," ಎಂದ.

ಮನೆ ಇದೇ ಹೌದೋ ಎಂದು ಕೇಳಿದೆ. ಮಾಲಕರ ಅಂಗಡಿ, ಬೈಲಹೊಂಗಲ, ಎಲ್ಲ ಹೇಳಿದ. ಹೌದು, ಇದೇ ಮನೆ.

ನಾನು ಸಿಮೆಂಟು ಚೀಲದ ಮೇಲೆ ಕುಳಿತುಬಿಟ್ಟೆ. ಗೌಂಡಿಯ ಹೆಂಡತಿ ತಂಬಿಗೆ ನೀರು ತಂದುಕೊಟ್ಟಳು. ಕುಡಿಯುತ್ತಾ ಕುಡಿಯುತ್ತಾ ನನಗೆ ಎಲ್ಲ ತಿಳಿಯಿತು ಅನ್ನಿಸಿತು. ಅಕ್ಕನನ್ನು ಕರೆಯಲಿಲ್ಲ ಎಂಬ ಮಾತು ಊರಲ್ಲಿ ಬರಬಾರದು, ಶುಭದ ದಿನ ಅವಳ ಮುಖವೂ ಬಾಗಿಲಲ್ಲಿ ಕಾಣಬಾರದು. ಅದಕ್ಕೆ ಬೇರೆ ತಾರೀಖು ಹೇಳಿದ್ದಾರೆ. ಚಿಗವ್ವ ರಟ್ಟೆ ಹಿಡಿದದ್ದೇ ವಾಸಿ, ಅಷ್ಟು ಎದುರಿಗೆ ಮಾಡಿದಳು. ಇದು ಹಿಂದಿನಿಂದ ಮಾಡಿದ್ದು. ಎದ್ದು ಹೋಗಬೇಕು ಅನ್ನಿಸಿತು, ಆದರೆ ಕಾಲುಗಳು ಏಳಲು ಒಪ್ಪಲಿಲ್ಲ. ಅಷ್ಟು ದಣಿವಾಗಿತ್ತು.

ಆಗಲೇ ತಮ್ಮನ ಬೈಕು ಬಂದು ನಿಂತಿತು. ಶನಿವಾರ ಅಂಗಡಿ ಹೆಂಡತಿಗೆ ಒಪ್ಪಿಸಿ ಕೆಲಸ ನೋಡಲು ಬರುತ್ತಾನೆಂದು ಗೌಂಡಿ ಆಮೇಲೆ ಹೇಳಿದ. ನನ್ನನ್ನು ನೋಡಿ ತಮ್ಮನ ಮುಖ ಬಿಳಿಚಿತು. ಇಷ್ಟು ವರ್ಷದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ?

"ಅಕ್ಕಾ, ಇವತ್ತ ಯಾಕ ಬಂದಿ?"

"ನೀ ಕರದಿ, ಬಂದೆ," ಎಂದೆ. "ಎತ್ತು ಈತು ಅಂದ್ರ ಕೊಟ್ಟಗ್ಯಾಗ ಕಟ್ಟು ಅನ್ನೂ ಮಂದಿ ನಾವು. ನೀ ಏನ್ ಬರೀತಿ ಅದನ್ನ ನಂಬತೇವಿ. ನೋಡಿಲ್ಲಿ."

ನನ್ನ ಫೋನು ತೆಗೆದು ಅವನ ಮೂಗಿನ ಹತ್ತಿರ ಹಿಡಿದೆ. ಅವನು ಅಂಕಿಯನ್ನು ಸರಿಯಾಗಿ ಓದದೆ ಮೇಲುಮೇಲೆ ನೋಡಿದ. "ಖರೇ ಐತಲ್ಲ. ಮೇ ನಾಕು," ಎಂದ.

"ಮೇ ಎಲ್ಲೈತಪಾ ಇದರಾಗ? ಐದು-ನಾಕು. ಏಪ್ರಿಲ್ ಐದು. ಇವತ್ತ."

ಅವನು ತನ್ನ ಫೋನು ತೆಗೆದ. ಕ್ಯಾಲೆಂಡರಿನಲ್ಲಿ ಮೇ ತಿಂಗಳ ಹಾಳೆ. ನಾಲ್ಕನೇ ತಾರೀಖು, ರವಿವಾರ, ಅದರ ಮೇಲೆ ಹಸಿರು ಗುರುತು. ನನಗೆ ಅದೂ ಸಾಲಲಿಲ್ಲ. "ಈಗ ದಾರ್ಯಾಗ ಬದಲಿ ಮಾಡಿರ್ತಿ. ಗೌಂಡಿ ಫೋನ್ ಮಾಡಿ ತಿಳಿಸಿರ್ತಾನ," ಎಂದೆ. ಗೌಂಡಿ ಎರಡೂ ಕೈ ಎತ್ತಿ, "ನನ್ನ ಯಾಕ ಎಳೀತೀರಿ ಅಕ್ಕಾರ, ನನ್ನ ಫೋನಿನಾಗ ಚಾರ್ಜಿಲ್ಲ," ಎಂದ.

ತಮ್ಮ ಗುರುತನ್ನು ಒತ್ತಿದ. ಒಳಗಿನ ಹಾಳೆ ತೆರೆಯಿತು. ಮೇಲೆ 5/4 ಎಂದೇ ಇತ್ತು, ಹಿಂದಿನ ಹಾಳೆಯಲ್ಲಿ ಮೇ ನಾಲ್ಕು ಎಂದು ಕಾಣುತ್ತಿತ್ತು. ಅವನೂ ಗೊಂದಲಕ್ಕೆ ಬಿದ್ದ. ಅವನು ಯಾವತ್ತೂ ಕ್ಯಾಲೆಂಡರಿನ ಚೌಕಗಳ ಮೇಲೆ ಬೆರಳಿಟ್ಟು ತಾರೀಖು ಹಿಡಿಯುವವನು, ಫೋನು ಅದನ್ನು ಅಂಕಿಯಲ್ಲಿ ಹೇಗೆ ಬರೆದುಕೊಳ್ಳುತ್ತದೆ ಎಂದು ನೋಡಿಯೇ ಇರಲಿಲ್ಲ.

ನಾನು ಫೋನು ಕಸಿದುಕೊಂಡೆ. ಅವನು ಪಕ್ಕದ ಚೀಲದ ಮೇಲೆ ಕುಳಿತ. ಗೌಂಡಿಯೂ ಬಂದು ಬಗ್ಗಿದ. ಸೆಟ್ಟಿಂಗು ತೆರೆದೆವು. ಬೆಳಕು, ಸದ್ದು, ಬ್ಯಾಟರಿ, ಏನೇನೋ ಬಂದವು. ಒಂದು ತೆರೆದರೆ ಇನ್ನೊಂದು, ಹಿಂದೆ ಬಂದರೆ ಮತ್ತೆ ಮೊದಲಿಗೆ. ಬೆವರಿನ ಬೆರಳಿಗೆ ಅದು ಒಲಿಯುತ್ತಲೂ ಇರಲಿಲ್ಲ. ಕಡೆಗೆ ಭಾಷೆ ಮತ್ತು ಪ್ರದೇಶ ಎಂಬಲ್ಲಿಗೆ ಬಂದೆವು. ಪ್ರದೇಶದ ಎದುರಿಗೆ ಅಮೇರಿಕ ಎಂದಿತ್ತು.

"ನೀ ಬೈಲಹೊಂಗಲದಾಗ, ನಿನ್ನ ಫೋನು ಅಮೇರಿಕಾದಾಗ," ಎಂದೆ.

"ಅಂಗಡ್ಯಾಂವ ಹೆಂಗ ಕೊಟ್ಟನೋ ಹಂಗ ಐತಿ. ನಾ ಮುಟ್ಟಿಲ್ಲ."

"ಅಲ್ಲಿ ತಿಂಗಳ ಮೊದಲ, ತಾರೀಖು ಆಮ್ಯಾಲೇನ್ರಿ?" ಎಂದು ಗೌಂಡಿ ಕೇಳಿದ. "ಹಂಗಾದ್ರ ಆ ಮಂದಿ ಬುನಾದಿ ಬಿಟ್ಟು ಸ್ಲ್ಯಾಬಿನಿಂದ ಮನಿ ಕಟ್ತಾರೇನ?"

ನಾನು ಭಾರತ ಎಂಬುದನ್ನು ಹುಡುಕಿ ಒತ್ತಿದೆ. ಮತ್ತೆ ಕ್ಯಾಲೆಂಡರು ತೆರೆದರೆ ಅದೇ ಹಾಳೆಯಲ್ಲಿ ಈಗ 4/5 ಎಂದಿತ್ತು. ನನ್ನ ಕಣ್ಣೆದುರೇ ತಿರುಗಿ ಕುಳಿತಿತ್ತು. ಆಗ ನಂಬಿದೆ. ಅವನು ಮೋಸ ಮಾಡಿರಲಿಲ್ಲ. ಬುದ್ಧಿಯಿಲ್ಲದ ಫೋನು ಮಾಡಿತ್ತು. ನಗು ಕೂಡ ಬಂತು.

ನಗುತ್ತಲೇ ಕೇಳಿದೆ, "ಮತ್ತ ಉಳದವ್ರು? ಎಲ್ಲಾರಿಗೂ ಹಿಂಗ ಕಳಿಸಿದ್ರ ಈಗ ಒಬ್ಬೊಬ್ಬರ ಬರ್ತಾರ ನೋಡು. ಚಿಗವ್ವಗ ಫೋನ್ ಹಚ್ಚು ಮೊದಲ."

ಅವನು ಉಸುಕಿನ ಕಡೆ ನೋಡುತ್ತಿದ್ದ.

"ಯಾಕೋ?"

"ಅವ್ರಿಗೆ ಕಳಿಸಿಲ್ಲ. ಅವ್ರನ್ನ ಮುಂದಿನ ವಾರ ಕುಂಕುಮ ತಗೊಂಡು ಹೋಗಿ ಕರೀಬೇಕು."

"ಹಂಗಾರ ಫೋನಿನಾಗ ಕರದದ್ದು ನನ್ನ ಒಬ್ಬಾಕಿನ್ನ?"

ಅವನು, "ನಿನ್ನ ಹೆಂಗ ಕರೀಬೇಕಂತ ತಿಳೀಲಿಲ್ಲ ಅಕ್ಕಾ," ಎಂದ.

ನನ್ನ ನಗು ಅಲ್ಲೇ ನಿಂತಿತು. ತಪ್ಪು ಫೋನಿನದೇ ಇರಬಹುದು, ಆದರೆ ಆ ತಪ್ಪು ಬಂದು ಬಡಿಯಲು ದಾರಿ ಇದ್ದದ್ದು ನನಗೊಬ್ಬಳಿಗೆ. ಉಳಿದವರೆಲ್ಲ ಕುಂಕುಮದವರು. ಇದನ್ನು ಯಾವ ಸೆಟ್ಟಿಂಗಿನಲ್ಲಿ ಹುಡುಕಿ ಬದಲಿಸುವುದು? ಸುಸ್ತು ಮತ್ತೆ ಮೈಮೇಲೆ ಬಂದು ಕುಳಿತಿತು.

ಅಷ್ಟರಲ್ಲಿ ನನ್ನ ಫೋನು ಟಿಂಗ್ ಅಂದಿತು. ತೆರೆದು ನೋಡಿದೆ. "ಗೃಹಪ್ರವೇಶ, ಕಿತ್ತೂರು, 4/5." ಕಳಿಸಿದವನು ನನ್ನ ಪಕ್ಕದ ಚೀಲದ ಮೇಲೆ ಕುಳಿತಿದ್ದ.

"ಬಾಜೂಕ ಕುಂತು ಮೆಸೇಜ್ ಕಳಸ್ತಿಯಲ್ಲೋ," ಎಂದೆ. "ಬಾಯಿ ಗಿರವಿ ಇಟ್ಟೀಯೇನು?"

ಅವನು ಫೋನನ್ನು ಜೇಬಿನಲ್ಲಿ ಇಟ್ಟುಕೊಂಡ. ಗೌಂಡಿಯ ಹೆಂಡತಿಗೆ ನಮ್ಮಿಬ್ಬರನ್ನು ನೋಡಿ ಕಸಿವಿಸಿಯಾಗಿರಬೇಕು. "ಚಾ ಮಾಡೋಣೇನ್ರಿ ಅಕ್ಕಾರ?" ಎಂದು ಮಾತು ತಿರುಗಿಸಿದಳು. ಗೌಂಡಿ ಹೋಗಿ ಹಾಲಿನ ಪಾಕೀಟು, ಸಕ್ಕರೆ, ಚಾಪುಡಿ ತಂದ. ಬಿಸಿಲಿಗೆ ಅಂಜಿ ಒಳಗೆ ಅಡುಗೆಮನೆಯಾಗಬೇಕಾದ ಕೋಣೆಯಲ್ಲಿ ಮೂರು ಇಟ್ಟಿಗೆ ಇಟ್ಟು, ಸೆಂಟ್ರಿಂಗಿನ ಕಟ್ಟಿಗೆ ಚೂರು ಹಾಕಿ ಉರಿ ಮಾಡಿದೆವು. ಪಾತ್ರೆ ಎಲ್ಲಿದೆ? ಅವರ ಪಾತ್ರೆಯಲ್ಲಿ ಸಿಮೆಂಟು ಹಾಲು ಕಲಸಿದ್ದರು. ನನ್ನ ಹೊಸ ಬೋಗುಣಿಯ ಹಾಳೆ ಬಿಚ್ಚಿ ಹಾಲು ಸುರಿದಿಟ್ಟೆ. ಉಡುಗೊರೆ ಅಂತೂ ಆಗಲಿಲ್ಲ, ಚಾಕ್ಕಾದರೂ ಆಗಲಿ ಎಂದು.

ಹಾಲಿಟ್ಟು ತಮ್ಮನ ಕಡೆ ತಿರುಗಿದೆ. ಇಷ್ಟು ವರ್ಷದ್ದೆಲ್ಲ ಒಂದೇ ಸಲ ಬಾಯಿಗೆ ಬಂತು. "ಸುರಗಿಯ ದಿನ ನೀ ನೆಲ ನೋಡಿದಿ. ಅಲ್ಲಿ ಏನ್ ಬಿದ್ದಿತ್ತು? ಚಿಗವ್ವ ಹಳೇ ಕಾಲದಾಕಿ, ಆಕಿ ಬುದ್ಧಿ ಆಕಿಗೆ. ನಿನಗ ನಾ ಎತ್ತಿ ಆಡಿಸಿದಾಕಿ. ಅಕ್ಕ ನಿಂದ್ರಲಿ ಅನ್ನಾಕ ನಿನಗ ಎಷ್ಟ ಮಾತ ಬೇಕಿತ್ತು?" ಎಂದು ಕೇಳುತ್ತಿದ್ದೆ, ಗಿರಣಿಯ ದನಿಯಲ್ಲಿ. ಹಿಂದಿನಿಂದ ಚುಂಯ್ ಎಂದು ಸದ್ದು ಬಂತು.

ತಿರುಗಿದರೆ ಹಾಲು ಉಕ್ಕಿ, ಬೋಗುಣಿಯ ಸುತ್ತ ಇಳಿದು, ಉರಿ ನಂದಿಸಿ, ನೆಲದ ಮೇಲೆ ಹರಿಯುತ್ತಿತ್ತು.

"ಹಾಲ ಉಕ್ಕಿದ್ವು," ಎಂದಳು ಗೌಂಡಿಯ ಹೆಂಡತಿ. ಆಮೇಲೆ ತಾನೇನು ಹೇಳಿದೆ ಎಂದು ತಿಳಿದು, ಸೆರಗಿನ ತುದಿಯನ್ನು ಬಾಯಿಗೆ ಹಿಡಿದಳು.

ಬಾಗಿಲಿಲ್ಲದ, ಪೂಜೆಯಾಗದ ಮನೆಯಲ್ಲಿ, ಹಾಲು ಮುಟ್ಟಬಾರದವಳ ಕೈಯಿಂದ ಮೊದಲ ಹಾಲು ಉಕ್ಕಿಹೋಗಿತ್ತು. ನಾನು ಬೇಕಂತಲೇ ಮಾಡಿದ್ದಲ್ಲ. ಆದರೆ ನನಗೆ ಅಂಜಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ನಾಳೆ ಈ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೂ ನನ್ನ ಹೆಸರೇ ಬರುತ್ತದೆ. ತಮ್ಮನ ಮುಖ ನೋಡಿದೆ. ಅವನು ನೆಲದ ಕರಿ ಕಲೆಯನ್ನು ನೋಡುತ್ತಿದ್ದ. ಮತ್ತೆ ಅದೇ ನೆಲ ನೋಡುವುದು. ಉಳಿದ ಹಾಲಿಗೆ ನೀರು ಬೆರೆಸಿ ಚಾ ಮಾಡಿದೆ. ಎಲ್ಲರೂ ಕುಡಿದೆವು, ರೊಟ್ಟಿ-ಹೋಳಿಗೆ ತಿಂದೆವು. ಅವನು ಬೈಕಿನ ಮೇಲೆ ಬಸ್‌ಸ್ಟ್ಯಾಂಡಿಗೆ ಬಿಟ್ಟ, ಬಸ್ಸು ಹೊರಡುವ ತನಕ ಕಿಟಕಿಯ ಕೆಳಗೆ ನಿಂತಿದ್ದ. ಏನೋ ಹೇಳುತ್ತಾನೆ ಎಂದು ನಾನು ಕಿಟಕಿಯ ಗಾಜು ಸರಿಸಿದ್ದೆ. ಹೇಳಲಿಲ್ಲ.

ಆ ತಿಂಗಳು ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಅಯ್ಯನವರನ್ನು ಕರೆಸಿ ಆ ಕೋಣೆಗೆ ಏನಾದರೂ ಶಾಂತಿ ಮಾಡಿಸಿರುತ್ತಾನೆ, ನಾನು ಅಲ್ಲೇ ಬಿಟ್ಟುಬಂದ ಬೋಗುಣಿಯನ್ನು ಗುಜರಿಗೆ ಹಾಕಿರುತ್ತಾನೆ ಎಂದುಕೊಳ್ಳುತ್ತಿದ್ದೆ. ಹೋಗುವುದು ಬೇಡ ಎಂದು ಹಿಂದಿನ ದಿನದ ತನಕ ಅನ್ನುತ್ತಿದ್ದೆ. ಆದರೂ ಮೇ ನಾಲ್ಕರಂದು ಮತ್ತೆ ಅದೇ ಬಸ್ಸು ಹತ್ತಿದೆ. ಈ ಸಲ ಕೈಯಲ್ಲಿ ಏನೂ ಇರಲಿಲ್ಲ.

ಮನೆ ಗುರುತೇ ಸಿಗದಂತಾಗಿತ್ತು. ಪೆಂಡಾಲು, ಮಾವಿನ ತೋರಣ, ಬಾಗಿಲ ತುಂಬ ಚಪ್ಪಲಿ. ಪೂಜೆ ಮುಗಿಯುವ ಹೊತ್ತು. ಚಿಗವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮುತ್ತೈದೇರ ಬರ್ರೆವಾ, ಹಾಲ ಉಕ್ಕಸೋಣು," ಎಂದು ಕರೆಯುತ್ತಿದ್ದಳು. ನನ್ನನ್ನು ನೋಡಿ, ಬಂದೆಯಾ ಎಂಬಂತೆ ತಲೆಯಾಡಿಸಿದಳು. ಯಾರೂ ಹೇಳುವ ಮೊದಲೇ ನಾನು ಹಿತ್ತಲ ಬಾಗಿಲ ಕಡೆ ಸರಿದು ನಿಂತೆ. ಮೈಗೆ ರೂಢಿಯಾಗಿಬಿಟ್ಟಿರುತ್ತದೆ. ಅಲ್ಲಿಂದ ಒಲೆ ಕಾಣುತ್ತಿತ್ತು. ಒಲೆಯ ಮೇಲೆ ನನ್ನ ಬೋಗುಣಿ ಇತ್ತು. ಎಷ್ಟು ತಿಕ್ಕಿದ್ದರೂ ತಳದ ಮಸಿ ಪೂರ್ತಿ ಹೋಗಿರಲಿಲ್ಲ.

ತಮ್ಮ ಪೂಜೆಯ ಮಣೆಯಿಂದ ಎದ್ದು ಬಂದ. ಹೊಸ ಧೋತರದಲ್ಲಿ ಅವನಿಗೆ ನಡೆಯಲು ಬರುತ್ತಿರಲಿಲ್ಲ.

"ಚಿಗವ್ವಾ, ಹಾಲ ಉಕ್ಕಿದಾವ," ಎಂದ.

"ಯಾವಾಗ? ಇನ್ನ ಒಲಿ ಹೊತ್ತಿಸಿಲ್ಲಲೋ."

"ಹ್ವಾದ ತಿಂಗಳ. ಇದ ಜಾಗಾದಾಗ. ನಮ್ಮ ಅಕ್ಕ ಉಕ್ಕಿಸ್ಯಾಳ." ಅವನ ದನಿ ಪೆಂಡಾಲಿನವರಿಗೂ ಕೇಳಿಸುವಷ್ಟು ದೊಡ್ಡದಿತ್ತು. "ಒಂದ ಮನಿಗೆ ಎರಡ ಸಲ ಉಕ್ಕಸೂದಿಲ್ಲ. ಈಗ ಮಂದಿಗೆ ಚಾಕ್ಕ ಇಡೂದು."

ಚಿಗವ್ವ ಅವನ ಮುಖ ನೋಡಿದಳು, ಅವನ ಹೆಂಡತಿಯ ಮುಖ ನೋಡಿದಳು. ಅವನ ಹೆಂಡತಿ ಹಾಲಿನ ತಂಬಿಗೆ ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದು, ಅದನ್ನು ನನ್ನ ಕೈಯಲ್ಲಿ ಇಟ್ಟಳು.

ತಮ್ಮ ಅಲ್ಲಿಂದಲೇ ಕರೆದ. "ಅಕ್ಕಾ, ಒಳಗ ಬಾ."

ನನಗೆ ಅಳು ಬಂತು, ತಡೆಯಲಿಲ್ಲ. ಒಳಗೆ ಹೋಗಿ ಬೋಗುಣಿಗೆ ಹಾಲು ಸುರಿದೆ, ಒಲೆ ಹೊತ್ತಿಸಿದೆ. ಸಕ್ಕರೆ ಡಬ್ಬಿ ಎಲ್ಲಿಟ್ಟಿದ್ದೀ ಎಂದು ತಮ್ಮನ ಹೆಂಡತಿಯನ್ನು ಕೇಳಿದೆ.